ಅಳಿಸುವ ಪುಸ್ತಕ

ಜನವರಿ ೯

ತಮ್ಮನಿಗೆ,

ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ನೀನು ಮುಂದೆ ಓದುವುದಿಲ್ಲ ಎಂದು ಗೊತ್ತು. ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಗ್ರಂಥಾಲಯಕ್ಕೆ ಹೊಸ ಹುಚ್ಚು ಹಿಡಿದಿದೆ. ಬಂದರಿನ ಹತ್ತಿರ ಸ್ಕೂಬಾ ಕಲಿಸುವ ಶಾಲೆಯೊಂದು ತೆರೆದಿದೆ. ಅವರು ತಮ್ಮ ವಿದ್ಯಾರ್ಥಿಗಳಿಗಾಗಿ ನಮ್ಮಲ್ಲೊಂದು ಕಪಾಟು ಬೇಕೆಂದು ಕೇಳಿದ್ದಾರೆ. ‘ಮುಳುಗುಗಾರರು ಓದಲೇಬೇಕಾದ ಪುಸ್ತಕಗಳು’ ಎಂದು ಫಲಕ ಬರೆಸಿ ತೂಗುಹಾಕಿಯೂ ಆಯಿತು, ಕೆಳಗೆ ಕಪಾಟು ಮಾತ್ರ ಖಾಲಿ. ನಮ್ಮ ಮುಖ್ಯಸ್ಥರು ನನ್ನನ್ನು ಕರೆದು, ನಿಮ್ಮ ತಮ್ಮ ಸಮುದ್ರದ ತಳದಲ್ಲೇ ಸಂಸಾರ ಹೂಡಿದ್ದಾನಲ್ಲ, ನೀವೇ ಆರಿಸಿ ಎಂದರು. ಅದಕ್ಕೆ ಮೊದಲೇ ಅವರು ಆರಿಸಿದ್ದ ಮೂರು ಪುಸ್ತಕ ಈ ಪೊಟ್ಟಣದಲ್ಲಿವೆ. ಒಂದು ಮೀನಿನ ಚಿತ್ರಗಳದು, ಒಂದು ಹವಳದ್ದು, ಇನ್ನೊಂದು ಮುಳುಗಿದ ಹಡಗಿನ ನಿಧಿಯದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ಮುಳುಗುವವರಿಗೆ ನಿಜಕ್ಕೂ ಯಾವ ಪುಸ್ತಕ ಬೇಕು ಎಂದು ನೀನು ತಿಳಿಸಬೇಕು.

ಇನ್ನು ಅಮ್ಮನ ವಿಷಯ. ಕಳೆದ ಸಲ ನೀನು ಬಂದಾಗ ಹೆಸರುಗಳಷ್ಟೇ ಮರೆತುಹೋಗಿದ್ದವು, ಈಗ ಮುಖಗಳೂ ಹೋಗಿವೆ. ಬೆಳಿಗ್ಗೆ ನನ್ನನ್ನು ದಾದಿ ಎನ್ನುತ್ತಾಳೆ, ಸಂಜೆ ತನ್ನ ಅಕ್ಕ ಎನ್ನುತ್ತಾಳೆ. ನಿನ್ನ ಫೋಟೊ ತೋರಿಸಿದರೆ ಒಳ್ಳೆಯ ಹುಡುಗನ ಹಾಗಿದ್ದಾನೆ, ಯಾರ ಮನೆಯವನು ಎಂದು ಕೇಳುತ್ತಾಳೆ. ಆದರೆ ದನಿ ಮರೆತಿಲ್ಲ ಕಣೋ. ನಾನು ಅಡುಗೆಮನೆಯಿಂದ ಕೂಗಿದರೆ ನನ್ನ ಹೆಸರು ಹಿಡಿದು ಓಗೊಡುತ್ತಾಳೆ, ಎದುರಿಗೆ ಬಂದು ನಿಂತರೆ ನಾನು ಯಾರೋ ಆಗಿಬಿಡುತ್ತೇನೆ. ಹಾಗಾಗಿ ತಾಯಿ ಮಗಳ ಮಾತುಕತೆಯೆಲ್ಲ ಈಗ ಗೋಡೆಯಾಚೆಯಿಂದಲೇ ನಡೆಯುತ್ತದೆ. ದನಿಯೂ ಒಂದು ದಿನ ಹೋಗುತ್ತದೆ ಎಂದಿದ್ದಾರೆ ವೈದ್ಯರು. “ಒಂದ್ಸಲ ಅವನ ಹತ್ರ ಮಾತಾಡಿಸು. ಅವನ ದನಿ ಕೇಳಿದ್ರೆ ಸಾಕು ನಂಗೆ” ಎನ್ನುತ್ತಾಳೆ ಅಮ್ಮ. ಹಡಗಿಗೆ ಫೋನ್ ಜೋಡಿಸಿಕೊಡಲು ಆಗುತ್ತದೆ ಎಂದು ನಿನ್ನ ಕಂಪನಿಯ ಕಚೇರಿಯವರು ಹೇಳಿದರು. ಯಾವಾಗ ಮಾಡಿಸಲಿ?

ನಿನ್ನ ಅಕ್ಕ


ಜನವರಿ ೨೮

ಅಕ್ಕ,

ನಿಮ್ಮ ಮುಖ್ಯಸ್ಥರಿಗೆ ನನ್ನ ನಮಸ್ಕಾರ ತಿಳಿಸು. ಮೀನಿನ ಪುಸ್ತಕ ಇಟ್ಟಿಗೆಯಾಗಿದೆ. ಇಲ್ಲಿನ ಸೆಕೆಗೂ ತೇವಕ್ಕೂ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ನಿಧಿಯ ಪುಸ್ತಕದ ಬೆನ್ನಿನ ಅಂಟು ಬಿಟ್ಟು ಹಾಳೆಗಳೆಲ್ಲ ಉದುರಿದವು, ನಿಧಿ ಸಿಕ್ಕಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒರಟು ಕಾಗದದ, ದಾರದಲ್ಲಿ ಹೊಲಿದ ಪುಸ್ತಕವೇ ಆಗಬೇಕು.

ಅದೂ ಅಲ್ಲದೆ, ಸ್ಕೂಬಾದವರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದು, ಮೀನು ನೋಡಿ, ಊಟದ ಹೊತ್ತಿಗೆ ಮನೆ ಸೇರುವವರು. ಅವರಿಗೆ ಓದಲು ಪುರುಸೊತ್ತೆಲ್ಲಿ? ಓದುವವರು ನಾವು. ತಳದಲ್ಲಿ ಎಣ್ಣೆಯ ಕೊಳವೆ ಬೆಸೆಯುವ ಕೆಲಸ ನಮ್ಮದು. ಅಷ್ಟು ಆಳಕ್ಕೆ ದಿನಾ ಹೋಗಿ ಬರಲು ಮೈ ಒಪ್ಪುವುದಿಲ್ಲ. ಅದಕ್ಕೇ ಹಡಗಿನ ಮೇಲೆ ಒಂದು ಕಬ್ಬಿಣದ ಕೋಣೆಯೊಳಗೆ ಆ ಆಳದ ಒತ್ತಡವನ್ನೇ ತುಂಬಿ, ನಮ್ಮ ನಾಲ್ವರನ್ನು ವಾರಗಟ್ಟಲೆ ಕೂಡಿಹಾಕುತ್ತಾರೆ. ನಾವು ಅದನ್ನು ಡಬ್ಬಿ ಎನ್ನುತ್ತೇವೆ. ಪಾಳಿ ಬಂದಾಗ ಒಂದು ಗೂಡಿನಲ್ಲಿ ಕೂರಿಸಿ ತಳಕ್ಕಿಳಿಸುತ್ತಾರೆ, ಮುಗಿದ ಮೇಲೆ ಮತ್ತೆ ಡಬ್ಬಿಗೆ ತುಂಬುತ್ತಾರೆ. ಊಟ, ಪುಸ್ತಕ, ನಿನ್ನ ಪತ್ರ ಎಲ್ಲ ಗೋಡೆಯಲ್ಲಿರುವ ಒಂದು ಸಣ್ಣ ಖಾನೆಯ ಮೂಲಕ ಒಳಗೆ ಬರುತ್ತವೆ. ಕಿಟಕಿಯಾಚೆ, ಕೈಗೆ ಎಟುಕುವಷ್ಟು ಹತ್ತಿರ, ಅಡುಗೆಯವನು ಸಿಗರೇಟು ಸೇದುತ್ತಿರುತ್ತಾನೆ. ಆದರೆ ಅವನ ಪಕ್ಕಕ್ಕೆ ಹೋಗಿ ನಿಲ್ಲಲು ನಮಗೆ ಒಂದು ವಾರ ಬೇಕು. ಒತ್ತಡವನ್ನು ಅಷ್ಟು ನಿಧಾನವಾಗಿ ಇಳಿಸಬೇಕು. ಆತುರಪಟ್ಟು ಬಾಗಿಲು ತೆಗೆದರೆ ಸೋಡಾ ಬಾಟಲಿಯ ಹಾಗೆ ರಕ್ತ ನೊರೆಯೇಳುತ್ತದೆ.

ಇನ್ನೊಂದು ಫಜೀತಿ ದನಿಯದು. ನಮಗೆ ಉಸಿರಾಡಲು ಕೊಡುವುದರಲ್ಲಿ ಬಹುಪಾಲು ಹೀಲಿಯಂ, ಬಲೂನಿಗೆ ತುಂಬುವ ಅನಿಲ. ಅದು ಗಂಟಲಿಗೆ ಇಳಿದರೆ ಎಂಥ ಗಂಡಸಿನ ದನಿಯೂ ಬಾತುಕೋಳಿಯದಾಗುತ್ತದೆ. ನಮ್ಮಲ್ಲಿ ಹಿರಿಯನೊಬ್ಬನಿದ್ದಾನೆ, ನಾವೆಲ್ಲ ತಾತ ಎನ್ನುತ್ತೇವೆ. ಕಳೆದ ವಾರ ಅವನು ಮಗು ಕಳೆದುಕೊಂಡ ತಾಯಿಯ ಕಥೆಯೊಂದನ್ನು ಗಟ್ಟಿಯಾಗಿ ಓದಿದ. ಮೊದಮೊದಲು ತುಟಿ ಕಚ್ಚಿಕೊಂಡು ಕೂತೆವು. ತಾಯಿ ಗೋಳಾಡುವಲ್ಲಿಗೆ ಬಂದಾಗ ತಾತನ ಬಾಯಿಂದ ಕೀಚ್ ಕೀಚ್ ಎಂದು ಬರತೊಡಗಿತು ನೋಡು, ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕೆವು. ಹಾಸ್ಯದ ಪುಸ್ತಕ ಓದಿದರೆ ಇಲ್ಲಿ ಒಬ್ಬನೂ ನಗುವುದಿಲ್ಲ. ಆದ್ದರಿಂದ ನನ್ನ ಶಿಫಾರಸು ಇಷ್ಟೇ. ಅಳಿಸುವ ಪುಸ್ತಕ ಕಳಿಸು. ದಪ್ಪನೆಯದು, ಕೊನೆಗೆ ಯಾರೂ ಉಳಿಯದಂಥದು.

ಫೋನ್ ಮಾತ್ರ ಬೇಡ, ಅಕ್ಕ. ಈ ದನಿಯನ್ನು ಅಮ್ಮನ ಕಿವಿಗೆ ಹಾಕಬೇಡ. ಮಾರ್ಚಿನಲ್ಲಿ ಹೊರಗೆ ಬರುತ್ತೇನೆ. ಬಂದು ಪಕ್ಕದಲ್ಲೇ ಕೂತು ಅವಳಿಗೆ ಸಾಕೆನಿಸುವಷ್ಟು ಮಾತಾಡುತ್ತೇನೆ.

ಬಾತುಕೋಳಿ


ಫೆಬ್ರವರಿ ೧೬

ತಮ್ಮ,

ನೀನು ಬೇಡವೆಂದೆ, ನಾನು ಕೇಳಲಿಲ್ಲ. ನಿನ್ನ ಪತ್ರ ಬಂದ ವಾರವೇ ಅಮ್ಮ ಒಂದು ಸಲ ನನ್ನ ದನಿಗೂ ತಡವರಿಸಿದಳು. ಮಾರ್ಚಿನವರೆಗೆ ಕಾದರೆ ನಿನಗೇನೂ ಉಳಿದಿರುವುದಿಲ್ಲ ಎಂದು ಜೀವ ಬಾಯಿಗೆ ಬಂತು. ಕಂಪನಿಯ ಕಚೇರಿಯಲ್ಲಿ ಕೂತು ಗೋಗರೆದು ಫೋನ್ ಜೋಡಿಸಿಕೊಂಡೆ. ಆ ಕಡೆ ನಿನಗೆ ಹೇಗಾಯಿತೋ ಗೊತ್ತಿಲ್ಲ, ಈ ಕಡೆ ಆದದ್ದನ್ನು ಬರೆಯುತ್ತೇನೆ.

ಬಾತುಕೋಳಿ ಎಂದು ನೀನು ಬರೆದದ್ದನ್ನು ಓದಿ ನಾನು ನಕ್ಕಿದ್ದೆ. ಮಗನ ದನಿ ಯಾವ ವೇಷ ಹಾಕಿ ಬಂದರೂ ತಾಯಿಗೆ ತಿಳಿಯದೇ ಎಂದುಕೊಂಡಿದ್ದೆ. ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಒಳ್ಳೆಯ ಸೀರೆಯುಟ್ಟು, ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನೀನು ಅಮ್ಮಾ ಎಂದೆ. ಅವಳು ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು, ಮತ್ತೆ ಕಿವಿಗಿಟ್ಟಳು. ನೀನು ಇನ್ನೂ ಏನೋ ಹೇಳುತ್ತಿದ್ದೆ, ಬಾಗಿಲ ಬಳಿ ನಿಂತ ನನಗೂ ಆ ಕೀಚು ಕೇಳುತ್ತಿತ್ತು. “ಯಾರೋ ನೀನು? ವಯಸ್ಸಾದೋಳನ್ನ ಆಡ್ಕೊಳ್ಳೋಕೆ ನಾಚಿಕೆ ಆಗಲ್ವಾ?” ಎಂದು ಬೈದು ಇಟ್ಟುಬಿಟ್ಟಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮರುದಿನದಿಂದ ಒಂದೇ ಸಮನೆ ಅಳುತ್ತಿದ್ದಾಳೆ. ಮಗನನ್ನು ಕರೆದರೆ ಬೇರೆ ಯಾರೋ ಓಗೊಟ್ಟರು, ಅಂದರೆ ಮಗ ಇಲ್ಲ ಎನ್ನುವುದು ಅವಳ ತೀರ್ಮಾನ. ಬಂದವರಿಗೆಲ್ಲ ಹೇಳಿಕೊಳ್ಳುತ್ತಾಳೆ. ಪಕ್ಕದ ಮನೆಯವರು ಮುಖ ಸಪ್ಪೆ ಮಾಡಿಕೊಂಡು ಸಮಾಧಾನ ಹೇಳಲು ಬಂದಿದ್ದರು. ನನ್ನ ತಮ್ಮ ಗುಂಡುಕಲ್ಲಿನ ಹಾಗಿದ್ದಾನೆ ಎಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ನನಗೂ ಅಳು ಬಂತು. ಬೇಗ ಬಾ.

ದಾರದಲ್ಲಿ ಹೊಲಿದ ಪುಸ್ತಕವೊಂದನ್ನು ಇದರ ಜೊತೆ ಇಟ್ಟಿದ್ದೇನೆ. ದೋಣಿ ನಡೆಸುವವನೊಬ್ಬನ ಕಥೆ. ಮೊದಲು ಹೆಂಡತಿ ಸಾಯುತ್ತಾಳೆ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಅಕ್ಕ


ಮಾರ್ಚ್ ೨

ಅಕ್ಕ,

ಒತ್ತಡ ಇಳಿಸುತ್ತಿದ್ದಾರೆ. ದನಿ ಮೀಸೆ ಮೂಡುವ ಹುಡುಗರ ಹಾಗೆ ಒಡೆಯುತ್ತಿದೆ. ಇನ್ನು ಕೆಲವೇ ದಿನಕ್ಕೆ ನನ್ನದಾಗುತ್ತದೆ.

ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮ ಮಾತನ್ನು ನೆಟ್ಟಗೆ ಮಾಡುವ ಯಂತ್ರವೊಂದು ಈ ಹಡಗಿನಲ್ಲಿದೆ. ಅದು ಕೆಲಸದ ಆಜ್ಞೆಗಳಿಗಷ್ಟೇ, ಹೊರಗಿನ ಫೋನಿಗೆ ಜೋಡಿಸಿಲ್ಲ. ಅವತ್ತು ಅಮ್ಮ ಫೋನ್ ಇಟ್ಟ ಮೇಲೆ ಡಬ್ಬಿಯಲ್ಲಿ ಯಾರೂ ನಗಲಿಲ್ಲ. ತಾತ ಮಾತ್ರ, ಮೇಲೆ ಹೋದ ಮೇಲೆ ಎಲ್ಲ ಸರಿಹೋಗುತ್ತದೆ ಎಂದ. ನಿಮ್ಮಲ್ಲಿ ಮೇಲೆ ಹೋದ ಎಂದರೆ ಸತ್ತ ಎಂದು. ನಮ್ಮಲ್ಲಿ ಬದುಕಿಕೊಂಡ ಎಂದು.

ಡಬ್ಬಿಗೆ ಹೋಗುವ ಮೊದಲು ತೆಗೆದಿದ್ದ ಎಕ್ಸ್‌ರೇ ನೋಡಿ ವೈದ್ಯರು ಬರೆದ ವರದಿ ಬಂದಿದೆ. ಎಡಗಡೆಯ ಸೊಂಟದ ಕೀಲಿನಲ್ಲಿ ಮೂಳೆಯ ಗುಂಡು ಸತ್ತಿದೆಯಂತೆ. ಆಳದಲ್ಲಿ ವರ್ಷಗಟ್ಟಲೆ ಇದ್ದವರಿಗೆ ಬರುವ ರೋಗ ಇದು. ಇನ್ನು ಈ ಆಳಕ್ಕೆ ಇಳಿದರೆ ಕಾಲು ಹೋಗುತ್ತದೆ ಎಂದಿದ್ದಾರೆ. ನಿಜ ಹೇಳಲೇ, ಹಗುರವೆನಿಸಿತು. ನಿಮ್ಮ ಸ್ಕೂಬಾ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಕೇಳುತ್ತೇನೆ. ಅಡುಗೆಮನೆಯಲ್ಲಿ ನಿಂತು ಅಮ್ಮನನ್ನು ಕೂಗುತ್ತೇನೆ. ಓಗೊಡದೆ ಎಲ್ಲಿ ಹೋಗುತ್ತಾಳೆ?

ತಮ್ಮ


ಏಪ್ರಿಲ್ ೨೧

ತಮ್ಮ,

ಹೇಳದೆ ಹೊರಟುಹೋದೆ ಎಂದು ನಾನು ದೂರುವುದಿಲ್ಲ. ಹೆತ್ತವಳು ಚಿಲಕ ಹಾಕಿಕೊಳ್ಳುವ ಮನೆಯಲ್ಲಿ ಯಾರು ತಾನೆ ಎಷ್ಟು ದಿನ ಇರುತ್ತಾರೆ? ನೀನು ಅಡುಗೆಮನೆಯಿಂದ ಕೂಗಿದಾಗ ಅವಳು ನಡುಗಿದ್ದು, “ಹೋದವನ ದನಿ ಕೇಳ್ತಿದೆ, ಬಾಗಿಲು ಹಾಕು” ಎಂದದ್ದು ನನ್ನ ಕಣ್ಣಿಗೆ ಕಟ್ಟಿದೆ. ಎದುರಿಗೆ ಬಂದರೆ ನೀವು, ತಾವು ಎಂದು ಕುರ್ಚಿ ಕೊಟ್ಟು, ನನ್ನ ಮಗನ ಜೊತೆ ಕೆಲಸ ಮಾಡುತ್ತಿದ್ದಿರಾ ಎಂದು ನಿನ್ನನ್ನೇ ವಿಚಾರಿಸಿದಳು. ಅವಳು ಹೆದರಬಾರದೆಂದು ನೀನು ಸ್ವಂತ ಮನೆಯಲ್ಲಿ ಪಿಸುಗುಟ್ಟಿಕೊಂಡು ಓಡಾಡಿದೆ.

ಈಗ ಬರೆಯಲಿರುವುದನ್ನು ಬರೆಯಬಾರದು. ಒಬ್ಬಳೇ ಹೊತ್ತು ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೋದಾಗಿನಿಂದ ಅಮ್ಮ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲ. ಯಾಕೆಂದು ಕೇಳಿದೆ. “ಅವತ್ತು ಮಾತಾಡಿದ್ದು ಅವನೇ ಕಣೆ. ಅಲ್ಲಿಗೆ ಹೋದೋರ ದನಿ ಹಾಗೇ ಸಣ್ಣಗಾಗುತ್ತೆ. ಸತ್ತ ಮಗ ಅಷ್ಟು ದೂರದಿಂದ ಅಮ್ಮಾ ಅಂದ, ನಾನು ಬೈದು ಇಟ್ಟುಬಿಟ್ಟೆ” ಎಂದಳು. ಮತ್ತೆ ಮಾಡುತ್ತಾನೆಯೇ ಎಂದು ದಿನವಿಡೀ ಕೇಳುತ್ತಾಳೆ. ಊಟಕ್ಕೆ ಕರೆದರೆ, ಇರು, ಬಾಯಲ್ಲಿ ತುತ್ತಿದ್ದಾಗ ಫೋನ್ ಬಂದರೆ ಏನು ಮಾಡಲಿ ಎನ್ನುತ್ತಾಳೆ. ಮೈ ಇಳಿದುಹೋಗಿದೆ.

ನೀನು ಏನೂ ಮಾಡಬೇಕಾಗಿಲ್ಲ. ನಿನ್ನ ಮೂಳೆಯ ಎಕ್ಸ್‌ರೇ ನಾನೂ ನೋಡಿದ್ದೇನೆ. ಸುಮ್ಮನೆ ತಿಳಿಸಿದೆ.

ಅಕ್ಕ


ಜೂನ್ ೩

ಅಕ್ಕ,

ನೀನು ಸುಮ್ಮನೆ ತಿಳಿಸಿದೆ, ನಾನು ಸುಮ್ಮನೆ ಇಳಿದಿದ್ದೇನೆ. ಇದು ಬೇರೆ ಕಂಪನಿ, ಎಕ್ಸ್‌ರೇ ಕೇಳದವರು. ತಾತನೂ ಇಲ್ಲಿಗೇ ಬಂದಿದ್ದಾನೆ. ಇರುಳು ಕಂಡ ಬಾವಿಗೆ ಹಗಲು ಬಿದ್ದ ಎಂದು ನಾನು ಇಳಿಯುವ ಮೊದಲು ನೀನು ಫೋನಿನಲ್ಲಿ ಬೈದದ್ದು ಸರಿಯೇ.

ಭಾನುವಾರ ಅಮ್ಮನಿಗೆ ರಿಸೀವರ್ ಕೊಟ್ಟು ನೀನು ಹೊರಗೆ ಹೋಗಿಬಿಡುತ್ತೀ. ನಮ್ಮ ಮಾತು ನಿನಗೆ ಗೊತ್ತಿಲ್ಲ. ದನಿ ನೆಟ್ಟಗೆ ಮಾಡುವ ಯಂತ್ರವನ್ನು ಇಲ್ಲಿ ಹೊರಗಿನ ಫೋನಿಗೂ ಜೋಡಿಸಿದ್ದಾರೆ. ಅದನ್ನು ನಿಲ್ಲಿಸಿಬಿಡಿ ಎಂದೆ. ಮೇಲ್ವಿಚಾರಕರು ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಮೊದಲ ಭಾನುವಾರ ಅಮ್ಮ ಕೇಳಿದ್ದು, “ಅಲ್ಲಿ ಚಳಿ ಇದೆಯೇನೋ?” ಎಂದು. ಇದೆ ಎಂದೆ. ಅದು ಸುಳ್ಳಲ್ಲ, ಹೀಲಿಯಂ ಮೈಯ ಕಾವನ್ನೆಲ್ಲ ಹೀರುತ್ತದೆ. ಅಪ್ಪ ಸಿಕ್ಕಿದರೇ ಎಂದು ಕೇಳಿದಳು. ಅಪ್ಪ ತೀರಿಕೊಂಡು ಎಷ್ಟು ವರ್ಷವಾಯಿತು. ಇನ್ನೂ ಇಲ್ಲ, ಹುಡುಕುತ್ತಿದ್ದೇನೆ ಎಂದೆ. ನಿಧಾನ ಹುಡುಕು, ಅವರು ಯಾವತ್ತೂ ಹೇಳಿದ ಕಡೆ ನಿಂತವರಲ್ಲ ಎಂದಳು. ಆಮೇಲೆ ಇಬ್ಬರಿಗೂ ಮಾತು ಮುಗಿದುಹೋಯಿತು. ತೋಚದೆ, ಕೈಗೆ ಸಿಕ್ಕ ಆ ದೋಣಿಯವನ ಪುಸ್ತಕ ತೆರೆದು ಓದತೊಡಗಿದೆ. ಹೆಂಡತಿಯ ಹೆಣದ ಮುಂದೆ ಅವನು ಎದೆ ಬಡಿದುಕೊಳ್ಳುವಲ್ಲಿ ಅಮ್ಮ ನಕ್ಕಳು. ಅಕ್ಕ, ಎಂಥ ನಗು ಅದು. ಪಕ್ಕದಲ್ಲಿದ್ದ ತಾತ ಕಣ್ಣು ಒರೆಸಿಕೊಂಡ.

ವಾರಕ್ಕೊಂದು ಅಧ್ಯಾಯ ಎಂದು ಒಪ್ಪಂದವಾಗಿದೆ. ಪುಸ್ತಕ ಮುಗಿಯುತ್ತ ಬಂತು, ಇನ್ನೊಂದು ಕಳಿಸು. ಎಡಗಾಲು ಊರಲು ಆಗುತ್ತಿಲ್ಲ, ಗೋಡೆ ಹಿಡಿದು ನಡೆಯುತ್ತೇನೆ. ನೀರಿನೊಳಗೆ ಮೈಭಾರ ಗೊತ್ತಾಗುವುದಿಲ್ಲ, ಹಾಗಾಗಿ ಕೆಲಸಕ್ಕೆ ತೊಂದರೆಯಿಲ್ಲ.

ತಮ್ಮ


ಜುಲೈ ೧೪

ತಮ್ಮ,

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮಮ್ಮನಿಗೆ ಬಾತುಕೋಳಿ ಮುದ್ದು. ಸೋಮವಾರ ಮಂಗಳವಾರ ಹೊಟ್ಟೆ ತುಂಬ ಉಣ್ಣುತ್ತಾಳೆ. ಬುಧವಾರದ ಹೊತ್ತಿಗೆ ನೀನು ಫೋನ್ ಮಾಡಿದ್ದೇ ಮರೆತು ಮತ್ತೆ ಅಳುತ್ತಾಳೆ. ಕಳೆದ ತಿಂಗಳ ಕೊನೆಗೆ ನೀನು ಡಬ್ಬಿಯಿಂದ ಹೊರಗಿದ್ದೆಯಲ್ಲ, ಆ ಭಾನುವಾರಗಳು ಶತ್ರುವಿಗೂ ಬೇಡ. ಅಂಥ ಒಂದು ಭಾನುವಾರ ಯಾರೋ ತಪ್ಪಿ ಈ ನಂಬರಿಗೆ ಫೋನ್ ಮಾಡಿದರು. ಅಮ್ಮ ಕಿರುಚಿ ರಿಸೀವರ್ ಎಸೆದಳು, ಎರಡು ದಿನ ನೀರೂ ಮುಟ್ಟಲಿಲ್ಲ.

ನೀನು ಹತ್ತಿ ಬರಬಹುದಾದ ಒಂದು ದಾರಿ ಹುಡುಕಿದೆ. ನಗಬೇಡ. ಬಲೂನು ಮಾರುವವನ ಹತ್ತಿರ ಒಂದು ಗೊಂಚಲು ಕೊಂಡು, ಪಕ್ಕದ ಮನೆಯ ಫೋನಿನ ಮುಂದೆ ನಿಂತು, ಗಾಳಿ ಎಳೆದುಕೊಂಡು ನಿನ್ನ ಹಾಗೆ ಅಮ್ಮಾ ಎಂದೆ. ಈ ವಯಸ್ಸಿನಲ್ಲಿ, ಗ್ರಂಥಾಲಯಕ್ಕೆ ಅರ್ಧ ದಿನ ರಜೆ ಹಾಕಿ. ಪಕ್ಕದ ಮನೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು. ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, “ನೀನು ಯಾಕೆ ಮಗಳೇ ಅವನನ್ನ ಅಣಕಿಸ್ತೀಯ? ಹೋದವನನ್ನ ಹಾಗೆಲ್ಲ ಅಣಕಿಸಬಾರದು” ಎಂದಳು. ನನ್ನ ದನಿಯ ಗುರುತು ಅವಳಿಗೆ ಇನ್ನೂ ಉಳಿದಿದೆ ಎಂದು ಸಂತೋಷಪಡಬೇಕಿತ್ತು.

ಸ್ಕೂಬಾ ಶಾಲೆಯ ಹುಡುಗ ಹುಡುಗಿಯರು ಕಪಾಟಿನ ಮುಂದೆ ನಿಂತು ಯಾವುದು ಚೆನ್ನಾಗಿದೆ ಎಂದು ನನ್ನನ್ನು ಕೇಳುತ್ತಾರೆ. ನೀನು ಹೇಳಿದಂಥ ಪುಸ್ತಕಗಳನ್ನೇ ಜೋಡಿಸಿದ್ದೇನೆ. ಮುಖ್ಯಸ್ಥರು ಒಂದನ್ನು ತೆರೆದು ನೋಡಿ, ಇದರಲ್ಲಿ ಸಮುದ್ರವೇ ಇಲ್ಲವಲ್ಲ ಎಂದರು. ಮಕ್ಕಳ ಮುಖ ನೋಡಿದರೆ ನನಗೆ, ಏನೂ ಓದಬೇಡಿ, ಮನೆಗೆ ಹೋಗಿ ಎನ್ನಬೇಕೆನಿಸುತ್ತದೆ.

ಹತ್ತಿ ಬಾ. ಅಮ್ಮ ಹೇಗೂ ನಿನ್ನನ್ನು ಕಳೆದುಕೊಂಡಾಗಿದೆ. ನಾನು ಇನ್ನೂ ಕಳೆದುಕೊಂಡಿಲ್ಲ.

ಅಕ್ಕ


ಆಗಸ್ಟ್ ೫

ಅಕ್ಕ,

ಆ ಭಾನುವಾರ ಫೋನ್ ಮಾಡಿದ್ದು ತಪ್ಪು ನಂಬರಿನವರಲ್ಲ, ನಾನು. ಬಲೂನಿನ ಉಪಾಯ ನನಗೂ ಹೊಳೆದಿತ್ತು. ಎರಡು ಮಾತಿಗೆ ಗಾಳಿ ಮುಗಿದು, ನನ್ನ ದನಿಯೇ ಹೊರಗೆ ಬಿತ್ತು. ಅವಳು ಕಿರುಚಿದ್ದು ನನಗೂ ಕೇಳಿಸಿತು. ನಾನು ಅವಳ ಮಗನಾಗಿರುವುದು ಈ ಡಬ್ಬಿಯೊಳಗೆ ಮಾತ್ರ.

ಬಿಡುವಿಲ್ಲದೆ ಮತ್ತೊಂದು ಪಾಳಿಗೆ ಒಪ್ಪಿಕೊಂಡಿದ್ದೇನೆ. ಅವಳು ಇರುವವರೆಗೆ ಹೀಗೇ. ಕಾಲಿನ ವಿಷಯ ಕೇಳಬೇಡ. ಹೊಸ ಪುಸ್ತಕ ಸೇರಿತು, ತಾತ ಮೊದಲೇ ಓದಿ ನೋಡಿ ಇದರಲ್ಲಿ ತುಂಬ ಜನ ಸಾಯುತ್ತಾರೆ, ಅಮ್ಮನಿಗೆ ಹಿಡಿಸುತ್ತದೆ ಎಂದಿದ್ದಾನೆ.

ತಮ್ಮ


ಸೆಪ್ಟೆಂಬರ್ ೧೯

ತಮ್ಮ,

ಇದನ್ನು ನಿನ್ನ ಮೇಲ್ವಿಚಾರಕರ ಹೆಸರಿಗೆ ಕಳಿಸುತ್ತಿದ್ದೇನೆ. ನೀನು ಹೊರಗೆ ಬಂದು, ಕೂತು, ಏನಾದರೂ ತಿಂದ ಮೇಲೆ ಕೊಡಲು ಹೇಳಿದ್ದೇನೆ.

ಅಮ್ಮ ಹೋದಳು. ಬುಧವಾರ ಮಧ್ಯಾಹ್ನ, ಅದೇ ಕುರ್ಚಿಯಲ್ಲಿ. ನಾನು ಅಡುಗೆಮನೆಯಿಂದ ಊಟಕ್ಕೆ ಕರೆದೆ, ಓಗೊಡಲಿಲ್ಲ. ದನಿಯ ಗುರುತೂ ಹೋಯಿತೆಂದುಕೊಂಡೆ, ಅದಕ್ಕೆ ತಯಾರಾಗಿಯೇ ಇದ್ದೆ. ಇನ್ನೆರಡು ಸಲ ಕರೆದು ಆಮೇಲೆ ಹೋಗಿ ನೋಡಿದೆ. ಹೆಚ್ಚು ಒದ್ದಾಡಿದ ಹಾಗೆ ಕಾಣಲಿಲ್ಲ. ಗುರುವಾರ ಎಲ್ಲ ಮುಗಿಯಿತು. ಪಕ್ಕದ ಮನೆಯವರು ಬಂದಿದ್ದರು, ನಮ್ಮ ಮುಖ್ಯಸ್ಥರೂ ಬಂದಿದ್ದರು.

ಹಡಗಿಗೆ ತಿಳಿಸಿದೆ. ಹೇಳಿದರೂ ಅವನು ಹೊರಗೆ ಬರಲು ಒಂದು ವಾರ ಬೇಕು, ಅಷ್ಟು ದಿನ ಆ ಕೋಣೆಯಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡುತ್ತಾನೆ, ತಾವೇ ಯೋಚಿಸಿ ಎಂದರು ಮೇಲ್ವಿಚಾರಕರು. ಯೋಚಿಸಲು ನನಗೆ ಶಕ್ತಿಯಿರಲಿಲ್ಲ. ಹಾಗಾಗಿ ನಿನಗೆ ಯಾರೂ ಹೇಳಲಿಲ್ಲ, ನೀನು ಎಂದಿನಂತೆ ಭಾನುವಾರ ಫೋನ್ ಮಾಡಿದೆ.

ಹೇಳಿಬಿಡೋಣವೆಂದೇ ರಿಸೀವರ್ ಎತ್ತಿದ್ದು. ನೀನು ಅಮ್ಮಾ ಎಂದೆ. ನನ್ನ ಬಾಯಿಂದ ಹೂಂ ಎಂದಷ್ಟೇ ಹೊರಟಿತು. ಅಷ್ಟಕ್ಕೇ ನೀನು ಪುಸ್ತಕ ತೆಗೆದು ಓದಲು ಶುರು ಮಾಡಿದೆ. ಇಷ್ಟು ತಿಂಗಳಲ್ಲಿ ನಿನ್ನ ಆ ದನಿಯನ್ನು ಕಿವಿಗೊಟ್ಟು ಕೇಳಿದ್ದು ನಾನು ಅದೇ ಮೊದಲು. ಮನೆಯೊಳಗೆ ಯಾರೂ ಇರಲಿಲ್ಲ. ಎದುರಿನ ಗೋಡೆಗೆ ಒರಗಿಸಿಟ್ಟಿದ್ದ ಅಮ್ಮನ ಊರುಗೋಲು ಕಾಣುತ್ತಿತ್ತು. ನೀನು ಮುದುಕಿಯೊಬ್ಬಳು ಸಾಯುವ ಅಧ್ಯಾಯ ಓದುತ್ತಿದ್ದೆ. ಮಗ ಅವಳ ಕಾಲು ಹಿಡಿದುಕೊಂಡು, ಒಂದೇ ಒಂದು ಸಲ ನನ್ನ ಹೆಸರು ಹೇಳು ಎಂದು ಬೇಡಿಕೊಳ್ಳುತ್ತಾನೆ. ನೀನು ಅದನ್ನು ಕೀಚ್ ಕೀಚ್ ಎಂದು ಓದಿದೆ. ನನಗೆ ನಗು ಬಂತು ಕಣೋ. ತಡೆದುಕೊಂಡೆ, ಬಾಯಿಗೆ ಸೆರಗು ತುರುಕಿಕೊಂಡೆ, ಆಗಲಿಲ್ಲ. ಕುರ್ಚಿ ಅಲುಗಾಡುವ ಹಾಗೆ ನಕ್ಕೆ, ಕಣ್ಣಲ್ಲಿ ನೀರು ಸುರಿಯುವವರೆಗೆ ನಕ್ಕೆ. ನಾನು ಇಟ್ಟುಬಿಡಬೇಕಿತ್ತು. ನೀನು ಓದುತ್ತಲೇ ಹೋದೆ, ನಾನು ನಗುತ್ತಲೇ ಹೋದೆ. ಕೊನೆಗೆ ನೀನು ಓದು ನಿಲ್ಲಿಸಿ ತಾತನಿಗೆ ಕೂಗಿ ಹೇಳಿದೆ. “ಕೇಳು ಇಲ್ಲಿ, ನಮ್ಮಮ್ಮ ಇವತ್ತು ಎಷ್ಟು ಖುಷಿಯಾಗಿದ್ದಾಳೆ.”

ಅದು ಅಮ್ಮ ಅಲ್ಲ. ನಾನು.

ನಿನ್ನ ಅಕ್ಕ